ದಾಸ್ತಾನಿಲ್ಲದ ವ್ಯಾಪಾರಕ್ಕೆ ಮೂಲಪ್ರತಿಯೇ ಬಂಡವಾಳ

ಯಾವುದೇ ವ್ಯಾಪಾರದಲ್ಲಿ ಎರಡು ಬಗೆಯ ಸರಕುಗಳಿರುತ್ತವೆ. ಅಂಗಡಿಯ ಬಾಗಿಲು ತೆರೆದೊಡನೆ ಕೈಬದಲಾಗುವ ಸರಕು ಒಂದು. ವರ್ಷಕ್ಕೊಮ್ಮೆ ಯಾರೋ ಒಬ್ಬರು ಬಂದು ವಿಚಾರಿಸಿದಾಗಲಷ್ಟೇ ನೆನಪಾಗುವ ಸರಕು ಇನ್ನೊಂದು. ಮೊದಲನೆಯದು ಅಂಗಡಿಯನ್ನು ನಡೆಸುತ್ತದೆ. ಎರಡನೆಯದು ಗೋದಾಮಿನ ಮೂಲೆಯಲ್ಲಿ ಧೂಳು ಹಿಡಿದು, ಹೂಡಿದ ಹಣದ ಬಡ್ಡಿಯನ್ನು ಬೆಳೆಸುತ್ತದೆ. ಆದಕಾರಣ ಎರಡನೆಯ ಬಗೆಯ ಸರಕಿನ ತಯಾರಿಕೆಯನ್ನೇ ನಿಲ್ಲಿಸಿಬಿಡುವುದು ಜಾಣತನವೆಂಬ ನಂಬಿಕೆ ಬಹುಕಾಲದಿಂದ ಬೇರೂರಿದೆ. ಅಮೆರಿಕದ ಚಲನಚಿತ್ರ ಸಂಸ್ಥೆಗಳು 2009ರಿಂದೀಚೆಗೆ ನಡೆಸಿದ ಒಂದು ಪ್ರಯೋಗವು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. ಅದರ ಫಲಿತಾಂಶವು ಚಿತ್ರೋದ್ಯಮಕ್ಕೆ ಸಂಬಂಧಿಸಿದ್ದಾದರೂ, ಅಚ್ಚು, ವಿನ್ಯಾಸ, ನಕ್ಷೆ ಮುಂತಾದ ‘ಮೂಲ’ವೊಂದರಿಂದ ಸರಕು ತಯಾರಿಸುವ ಪ್ರತಿಯೊಬ್ಬ ಉದ್ಯಮಿಯೂ ಅದನ್ನು ಗಮನಿಸುವುದು ಉಚಿತ.

2009ರ ಮಾರ್ಚ್ ತಿಂಗಳಿನಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯು ‘ವಾರ್ನರ್ ಆರ್ಕೈವ್ ಕಲೆಕ್ಷನ್’ ಎಂಬ ಹೆಸರಿನಲ್ಲಿ 150 ಹಳೆಯ ಚಿತ್ರಗಳನ್ನು ಮಾರಾಟಕ್ಕೆ ಬಿಡುಗಡೆ ಮಾಡಿತು. ಈ ಚಿತ್ರಗಳ ಡಿ.ವಿ.ಡಿ.ಗಳು ಯಾವ ಗೋದಾಮಿನಲ್ಲಿಯೂ ಇರಲಿಲ್ಲ. ಗ್ರಾಹಕನು ಅಂತರಜಾಲದ ಮೂಲಕ ಆದೇಶ ಕಳುಹಿಸಿ ಹಣ ಸಂದಾಯ ಮಾಡಿದ ಬಳಿಕವೇ ಅವನಿಗಾಗಿ ಒಂದು ಪ್ರತಿಯನ್ನು ತಯಾರಿಸಿ, ಹೊದಿಕೆಯನ್ನು ಮುದ್ರಿಸಿ, ಅಂಚೆಗೆ ಹಾಕಲಾಗುತ್ತಿತ್ತು. ಬೆಲೆ 19.95 ಡಾಲರ್, ಅಂದಿನ ವಿನಿಮಯ ದರದಲ್ಲಿ ಸುಮಾರು 1,000 ರೂಪಾಯಿ. ಅನಂತರದ ಕೆಲವೇ ವರ್ಷಗಳಲ್ಲಿ ಯೂನಿವರ್ಸಲ್, ಸೋನಿ, ಎಂ.ಜಿ.ಎಂ., ಫಾಕ್ಸ್ ಸಂಸ್ಥೆಗಳೂ ಇದೇ ಹಾದಿಯನ್ನು ಹಿಡಿದವು.

ಈ ನಿರ್ಧಾರದ ಹಿಂದಿನ ಕಾರಣಗಳು ಸ್ಪಷ್ಟ. ಆ ಸಮಯದಲ್ಲಿ ವಾರ್ನರ್ ಸಂಸ್ಥೆಯ ಬಳಿ ಸುಮಾರು 6,800 ಕಥಾಚಿತ್ರಗಳಿದ್ದು, ಅವುಗಳಲ್ಲಿ ಡಿ.ವಿ.ಡಿ. ರೂಪ ಕಂಡಿದ್ದವು ಸುಮಾರು 1,200 ಮಾತ್ರ. ಜನಪ್ರಿಯವಾದವುಗಳೆಲ್ಲ ಮೊದಲೇ ಮಾರಾಟವಾಗಿದ್ದವು. ಉಳಿದವು ಒಂದೊಂದೂ ಕೆಲವು ನೂರು ಅಥವಾ ಕೆಲವು ಸಾವಿರ ಅಭಿಮಾನಿಗಳಷ್ಟೇ ಬಯಸಬಹುದಾದ ಚಿತ್ರಗಳು. ಇತ್ತ ಮಾರುಕಟ್ಟೆಯೂ ಕುಗ್ಗುತ್ತಿತ್ತು. ಅಮೆರಿಕದಲ್ಲಿ ಡಿ.ವಿ.ಡಿ. ವ್ಯಾಪಾರವು 2000ರ ದಶಕದ ಮಧ್ಯಭಾಗದಲ್ಲಿ ಉತ್ತುಂಗ ತಲುಪಿ ಇಳಿಮುಖವಾಗಿತ್ತು. ಟವರ್ ರೆಕಾರ್ಡ್ಸ್ ಮಳಿಗೆಗಳು 2006ರಲ್ಲಿ ಮುಚ್ಚಿದ್ದವು. 2008ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ್ದ ಸರ್ಕಿಟ್ ಸಿಟಿ ಸಂಸ್ಥೆಯ ಕೊನೆಯ ಮಳಿಗೆಗಳು, ವಾರ್ನರ್‌ನ ಹೊಸ ಯೋಜನೆ ಆರಂಭವಾದ 2009ರ ಮಾರ್ಚ್ ತಿಂಗಳಿನಲ್ಲೇ ಬಾಗಿಲು ಹಾಕಿಕೊಂಡವು. ಹೊಸ ಚಿತ್ರಗಳಿಗೇ ಕಪಾಟು ಸಾಲದಿರುವಾಗ 1930ರ ದಶಕದ ಕಪ್ಪುಬಿಳುಪು ಚಿತ್ರಕ್ಕೆ ಜಾಗ ಕೊಡುವ ವರ್ತಕ ಯಾರು? ಕೊಟ್ಟರೂ, ಮಾರಾಟವಾಗದ ಪ್ರತಿಗಳನ್ನು ಸಂಸ್ಥೆಗೇ ಹಿಂದಿರುಗಿಸುವ ಪದ್ಧತಿ ಆ ದೇಶದಲ್ಲಿದ್ದುದರಿಂದ ಅಂತಿಮ ನಷ್ಟವು ತಯಾರಕನ ತಲೆಗೇ ಬರುತ್ತಿತ್ತು.

ಲೆಕ್ಕದ ಒಳಗುಟ್ಟು

ಎರಡು ವಿಧಾನಗಳ ನಡುವಿನ ವ್ಯತ್ಯಾಸವನ್ನು ತಿಳಿಯಲು ತಯಾರಿಕೆಯ ಕ್ರಮವನ್ನು ನೋಡಬೇಕು. ಸಾಮಾನ್ಯ ಡಿ.ವಿ.ಡಿ.ಯನ್ನು ಒತ್ತಿ ತಯಾರಿಸಲಾಗುತ್ತದೆ. ಮೊದಲು ಗಾಜಿನ ಮೂಲತಟ್ಟೆ, ಅದರಿಂದ ನಿಕ್ಕಲ್ ಲೋಹದ ಅಚ್ಚು, ಆ ಅಚ್ಚಿನಲ್ಲಿ ಕರಗಿದ ಪಾಲಿಕಾರ್ಬೊನೇಟನ್ನು ಒತ್ತಡದಿಂದ ತುಂಬಿ ತೆಗೆದ ತಟ್ಟೆ, ಅದರ ಮೇಲೆ ಅಲ್ಯೂಮಿನಿಯಂ ಲೇಪ. ಅಚ್ಚು ಸಿದ್ಧವಾಗುವವರೆಗೆ ಖರ್ಚು ಹೆಚ್ಚು. ಆ ಬಳಿಕ ಒಂದೊಂದು ತಟ್ಟೆಗೆ ತಗಲುವ ವೆಚ್ಚ ಅತ್ಯಲ್ಪ. ಆದ್ದರಿಂದ ಸಾವಿರಗಟ್ಟಲೆ ಒತ್ತಿದರೆ ಮಾತ್ರ ಲಾಭ. ಆದೇಶದ ಮೇರೆಗೆ ತಯಾರಿಸುವ ಡಿ.ವಿ.ಡಿ.-ಆರ್ ಬೇರೆಯೇ ಬಗೆಯದು. ಅದರಲ್ಲಿ ಸಾವಯವ ಬಣ್ಣದ ತೆಳುಪದರವಿದ್ದು, ಲೇಸರ್ ಕಿರಣವು ಅದರ ಮೇಲೆ ಚಿತ್ರವನ್ನು ಬರೆಯುತ್ತದೆ. ಅಚ್ಚು ಬೇಕಿಲ್ಲ. ಆದರೆ ಸಾವಿರನೆಯ ಪ್ರತಿಗೂ ಮೊದಲನೆಯ ಪ್ರತಿಯಷ್ಟೇ ಸಮಯ, ಅಷ್ಟೇ ಖರ್ಚು.

ಇದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ಮನಗಾಣಬಹುದು. ಒತ್ತುವ ವಿಧಾನದಲ್ಲಿ ಪೂರ್ವಸಿದ್ಧತೆಗೆ 1,00,000 ರೂಪಾಯಿ, ಪ್ರತಿಯೊಂದಕ್ಕೆ 20 ರೂಪಾಯಿ, ಕನಿಷ್ಠ 3,000 ಪ್ರತಿಗಳು ಎಂದಿಟ್ಟುಕೊಂಡರೆ ಒಟ್ಟು ವೆಚ್ಚ 1,60,000 ರೂಪಾಯಿ. ಆದೇಶದ ವಿಧಾನದಲ್ಲಿ ಪೂರ್ವಸಿದ್ಧತೆಗೆ 40,000 ರೂಪಾಯಿ, ಪ್ರತಿಯೊಂದಕ್ಕೆ 100 ರೂಪಾಯಿ ಎಂದಿರಲಿ. ಎರಡರಲ್ಲಿಯೂ ಮಾರಾಟದ ಬೆಲೆ 200 ರೂಪಾಯಿ. ಕೇವಲ 500 ಪ್ರತಿ ಮಾರಾಟವಾದರೆ ಒತ್ತುವ ವಿಧಾನದಲ್ಲಿ 60,000 ರೂಪಾಯಿ ನಷ್ಟವಾಗಿ 2,500 ತಟ್ಟೆಗಳು ಗೋದಾಮಿನಲ್ಲಿ ಉಳಿಯುತ್ತವೆ. ಆದೇಶದ ವಿಧಾನದಲ್ಲಿ 10,000 ರೂಪಾಯಿ ಲಾಭ ಬಂದು ಗೋದಾಮು ಖಾಲಿ ಇರುತ್ತದೆ. ಮಾರಾಟವು 1,200 ಪ್ರತಿ ಮುಟ್ಟಿದಾಗ ಎರಡೂ ಸಮಸಮ. ಮೂರು ಸಾವಿರವೂ ಮಾರಾಟವಾದರೆ ಒತ್ತಿದವನಿಗೆ 4,40,000 ರೂಪಾಯಿ, ಆದೇಶದಂತೆ ತಯಾರಿಸಿದವನಿಗೆ 2,60,000 ರೂಪಾಯಿ ಲಾಭ. ಅಂದರೆ ಆದೇಶದ ವಿಧಾನವು ಅಗ್ಗದ ತಯಾರಿಕೆಯಲ್ಲ. ಅದು ನಷ್ಟದ ಭಯವನ್ನು ಕಡಿಮೆ ಮಾಡುವ ತಯಾರಿಕೆ. ಆ ಭಯ ಕಡಿಮೆಯಾದುದಕ್ಕೆ ಬೆಲೆ ತೆರುವವನು ಗ್ರಾಹಕ. ಹಳೆಯ ಚಿತ್ರದ, ಹೆಚ್ಚುವರಿ ಅಂಶಗಳಿಲ್ಲದ ಸಾದಾ ತಟ್ಟೆಗೆ ಅವನು 19.95 ಡಾಲರ್ ಕೊಟ್ಟದ್ದು ಇದೇ ಕಾರಣದಿಂದ.

ಇದಕ್ಕೆ ನೇರ ವಿರುದ್ಧವಾದ ಪ್ರಯೋಗ ಬಹುತೇಕ ಅದೇ ಕಾಲದಲ್ಲಿ ಭಾರತದಲ್ಲಿ ನಡೆದಿತ್ತು. 1983ರಲ್ಲಿ ಸ್ಥಾಪನೆಯಾಗಿ, ಮುಂದೆ ಖಾಲಿ ತಟ್ಟೆಗಳ ತಯಾರಿಕೆಯಲ್ಲಿ ವಿಶ್ವದ ಮುಂಚೂಣಿ ಸಂಸ್ಥೆಗಳಲ್ಲೊಂದಾಗಿ ಬೆಳೆದ ಮೋಸರ್ ಬೇಯರ್ ಸಂಸ್ಥೆಯು 2007ರ ವೇಳೆಗೆ ಚಲನಚಿತ್ರಗಳ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಲು ತೊಡಗಿತು. ನಕಲಿ ತಟ್ಟೆಯ ಬೆಲೆಗೇ ಅಸಲಿ ತಟ್ಟೆ ಎಂಬುದು ಅದರ ಸೂತ್ರ. ಬೀದಿಬದಿಯ ಅಂಗಡಿಯಿಂದ ದಿನಸಿ ಮಳಿಗೆಯವರೆಗೆ ಎಲ್ಲೆಡೆ ಅದರ ತಟ್ಟೆಗಳು ತೂಗಾಡಿದವು. ಕಿರಿದಾದ ಲಾಭಾಂಶ, ಹಿರಿದಾದ ಮಾರಾಟ ಎಂಬ ಈ ಮಾರ್ಗವು ಗ್ರಾಹಕನಿಗೆ ನಿಸ್ಸಂದೇಹವಾಗಿ ಉಪಕಾರ ಮಾಡಿತು. ಆದರೆ ಅದು ನಿಲ್ಲಬೇಕಾದರೆ ಮಾರಾಟದ ಪ್ರಮಾಣ ಸದಾ ಏರುತ್ತಲೇ ಇರಬೇಕಿತ್ತು. ತಟ್ಟೆಗಳ ಬೇಡಿಕೆ ಜಗತ್ತಿನಾದ್ಯಂತ ಕುಸಿಯಿತು. ಸೌರಫಲಕ ಉದ್ಯಮದಲ್ಲಿ ಹೂಡಿದ್ದ ಬಂಡವಾಳವೂ ಸಾಲದ ಹೊರೆಯನ್ನು ಹೆಚ್ಚಿಸಿತ್ತು. 2017ರಲ್ಲಿ ಸಂಸ್ಥೆಯ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಗಿ, 2018ರಲ್ಲಿ ಆಸ್ತಿ ವಿಲೇವಾರಿಗೆ ಆದೇಶವಾಯಿತು. ಒಂದು ತಟ್ಟೆಗೆ 34 ರೂಪಾಯಿಯ ಮಾರ್ಗ, 1,000 ರೂಪಾಯಿಯ ಮಾರ್ಗ: ಇವುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎನ್ನಲಾಗದು. ಸಾವಿರಾರು ಜನ ಕೇಳುವ ಸರಕಿಗೆ ಮೊದಲನೆಯದು, ನೂರಾರು ಜನ ಕೇಳುವ ಸರಕಿಗೆ ಎರಡನೆಯದು. ಯಾವ ಸರಕು ಯಾವ ಸಾಲಿಗೆ ಸೇರಿದ್ದೆಂಬುದನ್ನು ಗುರುತಿಸುವುದರಲ್ಲಿಯೇ ವ್ಯಾಪಾರಿಯ ಚಾತುರ್ಯ ಅಡಗಿದೆ.

ಯಂತ್ರಕ್ಕಿಂತ ಹಿರಿದಾದದ್ದು

ಲೇಸರ್‌ನಿಂದ ತಟ್ಟೆ ಬರೆಯುವ ಯಂತ್ರವನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು. ಅಂತರಜಾಲದಲ್ಲಿ ಆದೇಶ ಸ್ವೀಕರಿಸುವ ವ್ಯವಸ್ಥೆಯೂ 2009ರ ವೇಳೆಗೆ ಸಾಮಾನ್ಯವಾಗಿತ್ತು. ಹಾಗಿದ್ದೂ ಈ ವ್ಯಾಪಾರ ಸಾಧ್ಯವಾದದ್ದು ಕೆಲವೇ ಸಂಸ್ಥೆಗಳಿಗೆ. ಅದಕ್ಕೆ ಕಾರಣ ಅವುಗಳ ಬಳಿಯಿದ್ದ ಎರಡು ವಸ್ತುಗಳು: ಚಿತ್ರದ ಮೂಲಪ್ರತಿ ಮತ್ತು ಅದನ್ನು ಮಾರುವ ಹಕ್ಕನ್ನು ರುಜುವಾತುಪಡಿಸುವ ಕಾಗದಪತ್ರ.

ವಾರ್ನರ್‌ನ ಭಂಡಾರವೇ ಇದಕ್ಕೆ ನಿದರ್ಶನ. ಅದರಲ್ಲಿರುವ ಬಹುಪಾಲು ಹಳೆಯ ಚಿತ್ರಗಳು ಆ ಸಂಸ್ಥೆಯಲ್ಲಿ ತಯಾರಾದವುಗಳೇ ಅಲ್ಲ. 1986ರಲ್ಲಿ ಟೆಡ್ ಟರ್ನರ್ ಅವರು ಎಂ.ಜಿ.ಎಂ. ಸಂಸ್ಥೆಯನ್ನು ಕೊಂಡು, ಕೆಲವೇ ತಿಂಗಳಲ್ಲಿ ಅದರ ಉಳಿದ ಭಾಗಗಳನ್ನು ಮಾರಿದರೂ ಚಿತ್ರಭಂಡಾರವನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡರು. 1996ರಲ್ಲಿ ಟರ್ನರ್ ಸಂಸ್ಥೆಯು ಟೈಮ್ ವಾರ್ನರ್‌ನೊಡನೆ ವಿಲೀನವಾದಾಗ ಆ ಭಂಡಾರವೂ ಅದರೊಡನೆ ಸಾಗಿಬಂತು. ಸ್ಟುಡಿಯೋದ ನೆಲವನ್ನು ಬಿಟ್ಟು ಹಳೆಯ ರೀಲುಗಳನ್ನು ಉಳಿಸಿಕೊಂಡ ಆ ವ್ಯವಹಾರದ ಫಲವನ್ನು 2009ರ ಗ್ರಾಹಕರು ಒಂದೊಂದೇ ಪ್ರತಿಯಾಗಿ ಕೊಂಡರು.

ಮೂಲಪ್ರತಿ ಉಳಿಯದ ಕಡೆ ಏನಾಗುತ್ತದೆಂಬುದಕ್ಕೂ ನಿದರ್ಶನಗಳಿವೆ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಸಂಸ್ಥೆಯ ದಾಸ್ತಾನು ಕೊಠಡಿಗೆ ಬೆಂಕಿ ಬಿದ್ದು ಅದರ ಬಹುತೇಕ ಮೂಕಿ ಚಿತ್ರಗಳು ಭಸ್ಮವಾದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 1912ರಿಂದ 1929ರವರೆಗೆ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳ ಪೈಕಿ ಮೂಲರೂಪದಲ್ಲಿ ಪೂರ್ಣವಾಗಿ ಉಳಿದಿರುವುದು ಶೇಕಡಾ 14 ಮಾತ್ರ. ಉಳಿದವನ್ನು ಯಾರು ಎಷ್ಟೇ ಹಣ ತೆತ್ತು ಆದೇಶ ಕೊಟ್ಟರೂ ತಯಾರಿಸಲಾಗದು.

ಕನ್ನಡಿಗರಿಗೆ ಈ ನಷ್ಟದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ಅದಕ್ಕೆ ಬಂಡವಾಳ ಹೂಡಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಈ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ ಚಿತ್ರ ಬಿಡುಗಡೆಯಾಗಿ ಮೂವತ್ತು ವರ್ಷಗಳ ಬಳಿಕ. ಒಬ್ಬ ವ್ಯಾಪಾರಿಯ ಧೈರ್ಯದಿಂದ ಹುಟ್ಟಿದ, ಇಡೀ ಒಂದು ಉದ್ಯಮಕ್ಕೆ ತಳಪಾಯವಾದ ಚಿತ್ರವನ್ನು ಕೊಳ್ಳಲು ಇಂದು ಸಾವಿರಾರು ಜನ ಸಿದ್ಧರಿದ್ದರೂ ಮಾರುವವರ ಕೈಯಲ್ಲಿ ಏನೂ ಇಲ್ಲ. ಬೇಡಿಕೆಯಿದ್ದು ಮೂಲವಿಲ್ಲದ ಸ್ಥಿತಿ ಎಂದರೆ ಇದೇ.

ಕಾಗದಪತ್ರದ ಮಾತೂ ಅಷ್ಟೇ ಮಹತ್ವದ್ದು. ಅಮೆರಿಕದಲ್ಲಿ 1978ರಲ್ಲಿ ಪ್ರಸಾರ ಆರಂಭಿಸಿದ ‘ಡಬ್ಲ್ಯು.ಕೆ.ಆರ್.ಪಿ. ಇನ್ ಸಿನ್ಸಿನಾಟಿ’ ಎಂಬ ಜನಪ್ರಿಯ ದೂರದರ್ಶನ ಧಾರಾವಾಹಿಯಲ್ಲಿ ಆ ಕಾಲದ ಅನೇಕ ಹಾಡುಗಳನ್ನು ಬಳಸಲಾಗಿತ್ತು. 2007ರಲ್ಲಿ ಅದರ ಮೊದಲ ಕಂತುಗಳ ಡಿ.ವಿ.ಡಿ. ಹೊರಬಂದಾಗ ಹಾಡುಗಳ ಹಕ್ಕಿನ ವೆಚ್ಚದಿಂದಾಗಿ ಹಲವನ್ನು ಬದಲಿಸಬೇಕಾಯಿತು, ಅಭಿಮಾನಿಗಳು ಅಸಮಾಧಾನಗೊಂಡರು. ಮೂಲಪ್ರತಿ ಸುರಕ್ಷಿತವಾಗಿತ್ತು, ಗ್ರಾಹಕರೂ ಇದ್ದರು. ಆದರೆ ಮೂವತ್ತು ವರ್ಷಗಳ ಹಿಂದೆ ಮಾಡಿಕೊಂಡ ಒಪ್ಪಂದಗಳಲ್ಲಿ ಮುಂದೆ ಹುಟ್ಟಲಿದ್ದ ಮಾರುಕಟ್ಟೆಗೆ ಅವಕಾಶವಿರಲಿಲ್ಲ.

ಗ್ರಾಹಕನಿಗೆ ಸಲ್ಲಬೇಕಾದ ಸತ್ಯ

ಈ ವ್ಯಾಪಾರಕ್ಕೆ ಆಕ್ಷೇಪಣೆಗಳೂ ಇದ್ದವು. ಒತ್ತಿದ ತಟ್ಟೆಗೆ ಕೊಡುವಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗೆ ಬರೆದ ತಟ್ಟೆಯನ್ನು ಮಾರುವುದು ನ್ಯಾಯವೇ ಎಂಬುದು ಸಂಗ್ರಾಹಕರ ಮುಖ್ಯ ಪ್ರಶ್ನೆ. ಸಾವಯವ ಬಣ್ಣದ ಪದರವು ಬಿಸಿಲು, ಶಾಖಗಳಿಗೆ ಬೇಗ ಸೊರಗಬಹುದೆಂಬ ಆತಂಕವಿತ್ತು. ಎಲ್ಲ ಯಂತ್ರಗಳಲ್ಲಿಯೂ ಇದು ಚಲಿಸದಿರಬಹುದೆಂದು ವಾರ್ನರ್ ಸಂಸ್ಥೆಯೇ ಹೊದಿಕೆಯ ಮೇಲೆ ಮುದ್ರಿಸಿತ್ತು. ಮೊದಲ ವರ್ಷಗಳ ಅನೇಕ ಚಿತ್ರಗಳನ್ನು ಹೊಸದಾಗಿ ಶುದ್ಧೀಕರಿಸದೆ, ಲಭ್ಯವಿದ್ದ ಪ್ರತಿಯಿಂದಲೇ ತಯಾರಿಸಲಾಗಿತ್ತು. ಈ ಸಂಗತಿಗಳನ್ನು ಮುಚ್ಚಿಡದೆ ಹೇಳಿದ್ದರಿಂದ ಗ್ರಾಹಕನು ತಿಳಿದೇ ಕೊಳ್ಳುವಂತಾಯಿತು. ಬೇಡಿಕೆ ದೃಢಪಟ್ಟ ಬಳಿಕ ಗುಣಮಟ್ಟವೂ ಏರಿತು. 2012ರಿಂದ ಅದೇ ಸರಣಿಯಲ್ಲಿ ಒತ್ತಿದ ಬ್ಲೂ-ರೇ ತಟ್ಟೆಗಳೂ ಹೊರಬರತೊಡಗಿದವು. ಸಣ್ಣ ಪ್ರಮಾಣದ ಆದೇಶಗಳು ಮಾರುಕಟ್ಟೆಯ ಸಮೀಕ್ಷೆಯ ಕೆಲಸವನ್ನೂ ಮಾಡಿಕೊಟ್ಟವೆಂದು ಹೇಳಬಹುದು.

ಒತ್ತಿದ ತಟ್ಟೆಯೂ ಶಾಶ್ವತವಲ್ಲವೆಂಬುದು ಮುಂದೆ ಬಯಲಾಯಿತು. 2006ರಿಂದ 2008ರ ನಡುವೆ ಒತ್ತಲಾದ ತನ್ನ ಕೆಲವು ಡಿ.ವಿ.ಡಿ.ಗಳು ಕೆಟ್ಟುಹೋಗುತ್ತಿರುವುದನ್ನು ವಾರ್ನರ್ ಸಂಸ್ಥೆಯು 2025ರಲ್ಲಿ ಒಪ್ಪಿಕೊಂಡು, ಸಾಧ್ಯವಿರುವಲ್ಲಿ ಅದೇ ಚಿತ್ರದ ಹೊಸ ಪ್ರತಿಯನ್ನು ನೀಡುವುದಾಗಿ ತಿಳಿಸಿತು. ಆದರೆ ಕೆಲವು ಚಿತ್ರಗಳ ಮುದ್ರಣ ನಿಂತಿತ್ತು. ಇನ್ನು ಕೆಲವುಗಳ ಹಕ್ಕಿನ ಅವಧಿ ಮುಗಿದಿತ್ತು. ಅಂಥ ಗ್ರಾಹಕರಿಗೆ ಅಷ್ಟೇ ಬೆಲೆಯ ಬೇರೊಂದು ಚಿತ್ರವನ್ನು ಕೊಡಬೇಕಾಯಿತು. ದೋಷ ಸರಿಪಡಿಸುವ ವೇಳೆಯಲ್ಲಿಯೂ ಕೊನೆಗೆ ನೆರವಾಗುವುದು ಮೂಲ ಮತ್ತು ಹಕ್ಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಂತರಜಾಲದಲ್ಲಿಯೇ ಚಿತ್ರ ನೋಡುವ ಸೌಲಭ್ಯ ಬಂದಿರುವಾಗ ತಟ್ಟೆಯ ಮಾತೇಕೆ ಎಂದು ಕೇಳುವವರುಂಟು. ನೆಟ್‌ಫ್ಲಿಕ್ಸ್ ಸಂಸ್ಥೆಯು 2023ರ ಸೆಪ್ಟೆಂಬರ್‌ನಲ್ಲಿ ಅಂಚೆಯ ಮೂಲಕ ತಟ್ಟೆ ಕಳುಹಿಸುವ ಸೇವೆಯನ್ನು ನಿಲ್ಲಿಸಿದ್ದು ನಿಜ. ಆದರೆ ಹಳೆಯ ಚಿತ್ರಗಳಿಗೆಂದೇ ಮೀಸಲಾಗಿದ್ದ ಫಿಲ್ಮ್‌ಸ್ಟ್ರಕ್ ಎಂಬ ಅಂತರಜಾಲ ಸೇವೆಯು 2018ರ ನವೆಂಬರ್‌ನಲ್ಲಿ ಮುಚ್ಚಿದಾಗ ಚಂದಾದಾರರ ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಆದೇಶ ಕೊಟ್ಟು ತಟ್ಟೆ ತರಿಸಿಕೊಂಡವನ ಕಪಾಟಿನಲ್ಲಿ ಚಿತ್ರ ಉಳಿದಿದೆ. ಕೊಂಡ ವಸ್ತು ತನ್ನದಾಗಬೇಕೆಂಬ ಬಯಕೆ ಅಷ್ಟು ಸುಲಭವಾಗಿ ಅಳಿಯುವಂಥದಲ್ಲ.

ಅಂಗಡಿಯ ಸ್ಥಾನವೆಲ್ಲಿ?

ವರ್ತಕರು ವಿಶೇಷವಾಗಿ ಚಿಂತಿಸಬೇಕಾದ ಅಂಶ ಇನ್ನೊಂದಿದೆ. ಆರಂಭದಲ್ಲಿ ಈ ತಟ್ಟೆಗಳು ವಾರ್ನರ್‌ನ ಸ್ವಂತ ಅಂತರಜಾಲ ಮಳಿಗೆಯಲ್ಲಿ ಮಾತ್ರ ದೊರೆಯುತ್ತಿದ್ದವು. ಸಗಟು ವ್ಯಾಪಾರಿ, ಚಿಲ್ಲರೆ ಅಂಗಡಿ ಇಬ್ಬರನ್ನೂ ದಾಟಿ ತಯಾರಕನು ನೇರವಾಗಿ ಗ್ರಾಹಕನ ಮನೆ ಬಾಗಿಲಿಗೆ ಹೋದನು. ದಾಸ್ತಾನು ಬೇಡವಾದಾಗ ದಾಸ್ತಾನು ಇಡುವವನೂ ಬೇಡವಾಗುತ್ತಾನೆಂಬುದು ಕಹಿಯಾದರೂ ಸತ್ಯ. ಆದರೆ ಮುಂದಿನ ವರ್ಷಗಳಲ್ಲಿ ಇತರ ಮಾರಾಟಗಾರರ ಮೂಲಕವೂ ಇವು ದೊರೆಯುವಂತಾದವು. ಅಪರೂಪದ ಸರಕನ್ನು ಕೇಳುವವನಿಗೆ ಅದರ ಹೆಸರು, ಸಂಖ್ಯೆಗಳು ಅನೇಕ ವೇಳೆ ಗೊತ್ತಿರುವುದಿಲ್ಲ. ಅವನ ಅಗತ್ಯವನ್ನು ಅರಿತು ಹುಡುಕಿಕೊಡುವ ತಿಳಿವಳಿಕೆ ಅಂಗಡಿಯವನಲ್ಲಿದೆ. ದಾಸ್ತಾನಿಗೆ ಬದಲಾಗಿ ಆ ತಿಳಿವಳಿಕೆಯನ್ನೇ ಮಾರಲು, ಅಂದರೆ ಆದೇಶ ಸ್ವೀಕರಿಸಿ ದಳ್ಳಾಳಿ ಪಡೆಯಲು, ವರ್ತಕರು ಮುಂದಾಗಬೇಕು. ತಯಾರಕರೂ ಅಂಥ ಆದೇಶಗಳಿಗೆ ನ್ಯಾಯವಾದ ಪಾಲನ್ನು ಮೊದಲೇ ಲಿಖಿತವಾಗಿ ಗೊತ್ತುಪಡಿಸಬೇಕು.

ಸಣ್ಣ ಉದ್ಯಮಿಗಳಿಗೆ ಇದರಿಂದ ದೊರೆಯುವ ಪಾಠ ಇನ್ನೂ ನೇರವಾದದ್ದು. ಎರಕದ ಘಟಕದ ಮರದ ಪ್ಯಾಟರ್ನ್, ಪ್ಲಾಸ್ಟಿಕ್ ಘಟಕದ ಡೈ, ಜಕಾರ್ಡ್ ಮಗ್ಗದ ವಿನ್ಯಾಸದ ಕಾರ್ಡುಗಳು, ಯಂತ್ರದ ಬಿಡಿಭಾಗದ ನಕ್ಷೆ, ಇವೆಲ್ಲ ಚಿತ್ರದ ಮೂಲಪ್ರತಿಗೆ ಸಮಾನವಾದವು. ಶೆಡ್ ಬದಲಿಸುವಾಗ, ಪಾಲುದಾರಿಕೆ ಮುರಿಯುವಾಗ, ಜಾಗ ಸಾಲದಿರುವಾಗ ಮೊದಲು ಗುಜರಿಗೆ ಹೋಗುವುದು ಇವೇ. ತೂಕದ ಲೆಕ್ಕದಲ್ಲಿ ಬರುವ ಹಣ ಅಲ್ಪ. ಕಳೆದುಕೊಳ್ಳುವುದಾದರೋ ಹತ್ತು ವರ್ಷಗಳ ಬಳಿಕ ಹಳೆಯ ಯಂತ್ರದ ಒಂದೇ ಒಂದು ಭಾಗಕ್ಕಾಗಿ ಹೆಚ್ಚಿನ ಬೆಲೆ ಕೊಡಲು ಸಿದ್ಧನಾಗಿ ಬರುವ ಗ್ರಾಹಕನನ್ನು. ಅವನು ಬರಿಗೈಯಲ್ಲಿ ಹಿಂದಿರುಗಿದರೆ ಹೊಸ ಯಂತ್ರವನ್ನೂ ಬೇರೆಡೆಯೇ ಕೊಳ್ಳುತ್ತಾನೆ.

ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಕಾಪಾಡುವುದಕ್ಕೂ ಖರ್ಚಿದೆ, ಸ್ಥಳ, ಸುರಕ್ಷೆ, ನಿಗಾ ಎಲ್ಲವೂ ಬೇಕು. ಆದರೆ ಯಾವುದನ್ನು ಬಿಡಬೇಕೆಂಬ ತೀರ್ಮಾನವನ್ನು ಗುಜರಿಯವನ ತಕ್ಕಡಿಗೆ ಒಪ್ಪಿಸಬಾರದು. ಪ್ರತಿಯೊಂದು ಘಟಕದಲ್ಲಿಯೂ ಮೂಲಗಳ ಒಂದು ದಾಖಲೆ ಪುಸ್ತಕವಿರಲಿ: ಯಾವ ಅಚ್ಚು, ಯಾವ ವರ್ಷದ್ದು, ಎಲ್ಲಿದೆ, ಯಾರಿಗಾಗಿ ತಯಾರಾಯಿತು, ಅದರ ಹಕ್ಕು ಘಟಕದ್ದೋ ಗ್ರಾಹಕನದ್ದೋ. ಅಚ್ಚನ್ನು ಇಡಲಾಗದಿದ್ದರೆ ಅದರ ಅಳತೆಯ ನಕ್ಷೆಯನ್ನಾದರೂ ಎರಡು ಪ್ರತ್ಯೇಕ ಸ್ಥಳಗಳಲ್ಲಿ ಇರಿಸಬೇಕು. ಲಿಟ್ಲ್ ಫೆರಿಯಲ್ಲಿ ಎಲ್ಲವೂ ಒಂದೇ ಸೂರಿನಡಿ ಇದ್ದುದರಿಂದಲೇ ಒಂದೇ ಬೆಂಕಿ ಸಾಕಾಯಿತು. ವಿನ್ಯಾಸಗಾರರೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಮುಂದಿನ ಬಳಕೆಯ ಹಕ್ಕನ್ನು ಸ್ಪಷ್ಟಪಡಿಸಬೇಕು. ಆದೇಶದ ಮೇರೆಗೆ ತಯಾರಿಸಿ ಕೊಡುವ ವಸ್ತುವು ಮೊದಲಿನದಕ್ಕಿಂತ ಭಿನ್ನವಾಗಿದ್ದರೆ ಅದನ್ನು ಬಿಲ್ಲಿನಲ್ಲಿಯೇ ನಮೂದಿಸಬೇಕು.

ಜಮಾಖರ್ಚಿನ ಪಟ್ಟಿಯಲ್ಲಿ ಗೋದಾಮಿನ ಸರಕಿಗೆ ಬೆಲೆ ಕಟ್ಟಲಾಗುತ್ತದೆ. ಅದನ್ನು ತಯಾರಿಸಿದ ಹಳೆಯ ಅಚ್ಚಿಗೆ ಸವಕಳಿ ಕಳೆದು ಸೊನ್ನೆ ಬರೆಯಲಾಗುತ್ತದೆ. ಲೆಕ್ಕಪತ್ರದ ನಿಯಮಕ್ಕೆ ಅದು ಸರಿಯಿರಬಹುದು. ಆದರೆ ಮಾರಾಟವಾಗದೆ ಉಳಿದ ಸರಕು ದಿನೇ ದಿನೇ ಬೆಲೆ ಕಳೆದುಕೊಳ್ಳುವಾಗ, ಜೋಪಾನವಾಗಿ ಉಳಿದ ಅಚ್ಚು ಒಂದು ಅಂಚೆ ಕಾರ್ಡಿನ ಅಥವಾ ದೂರವಾಣಿ ಕರೆಯ ಆದೇಶಕ್ಕೆ ಮತ್ತೆ ಜೀವ ತಳೆಯಬಲ್ಲದು. ವರ್ಷಾಂತ್ಯದ ದಾಸ್ತಾನು ಎಣಿಕೆಯ ವೇಳೆ ಗೋದಾಮಿನ ಜೊತೆಗೆ ಅಚ್ಚುಗಳ ಕೋಣೆಯ ಬೀಗವನ್ನೂ ತೆಗೆದು ನೋಡುವ ಪರಿಪಾಠವನ್ನು ಉದ್ಯಮಿಗಳು ಬೆಳೆಸಿಕೊಳ್ಳುವುದು ಶ್ರೇಯಸ್ಕರ.